ಕೊಬ್ಬು ಕರಗಿಸಲು ಯಾವ ಕಾರ್ಡಿಯೋ? ನಿಮಗೆ ಹೊಂದುವುದನ್ನು ಆರಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಹಾಸನದಲ್ಲಿರುವ ನನ್ನ ಅಕ್ಕ ಹೋದ ವರ್ಷ ಒಂದು ಸಂಜೆ ಫೋನ್ ಮಾಡಿದ್ದಳು. "ವಾಕಿಂಗ್ ಹೋದ್ರೆ ಸಾಕೇನೋ, ಇಲ್ಲ ಓಡ್ಬೇಕಾ? ಯಾವುದ್ರಲ್ಲಿ ಹೊಟ್ಟೆ ಬೇಗ ಕರಗುತ್ತೆ, ಅದನ್ನ ಹೇಳು" ಅಂದಳು. ವಯಸ್ಸು 48, ತೂಕ 70 ಕೆಜಿ. ನನ್ನನ್ನು ಕೇಳುವ ಹೊತ್ತಿಗೆ ಅವಳು ಆಗಲೇ ಹತ್ತು ದಿನ ಓಡಿ ನೋಡಿದ್ದಳು. ಹನ್ನೊಂದನೇ ದಿನ ಮಹಡಿ ಮೆಟ್ಟಿಲ ಕಂಬಿ ಬಿಗಿಯಾಗಿ ಹಿಡಿದು, ಎಡಗಾಲು ಮಡಚದೆ, ಒಂದೊಂದೇ ಮೆಟ್ಟಿಲು ಇಳಿದಿದ್ದಳು. ಆಮೇಲೆ ಒಂದೂವರೆ ತಿಂಗಳು ಯಾವ ವ್ಯಾಯಾಮವೂ ಇಲ್ಲ.

ಅವಳಿಗೋಸ್ಕರ ಕೂತು ಮಾಡಿದ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಕಾರ್ಡಿಯೋ ಅಂದರೆ ಉಸಿರು, ನಾಡಿ ಏರಿಸುವ ನಡಿಗೆ, ಓಟ, ಸೈಕಲ್ ಥರದ ವ್ಯಾಯಾಮ. ಓಟ ಕೆಟ್ಟದ್ದಲ್ಲ. ಆದರೆ ಹತ್ತು ದಿನ ಮಾಡಿ ಒಂದೂವರೆ ತಿಂಗಳು ಮಲಗಿಸುವ ವ್ಯಾಯಾಮಕ್ಕಿಂತ ಆರು ತಿಂಗಳು ಬಿಡದೆ ಮಾಡಬಹುದಾದ ವ್ಯಾಯಾಮ ಜಾಸ್ತಿ ಕೊಬ್ಬು ಕರಗಿಸುತ್ತದೆ. ಆಯ್ಕೆ ಮಾಡುವಾಗ ನಾನು ಮೊದಲು ನೋಡುವುದು ಇದನ್ನೇ.

ಮೊದಲು ತಿಳಿದಿರಬೇಕಾದ್ದು: ಕೊಬ್ಬು ಹೋಗುವುದು ಎಲ್ಲಿಂದ?

ಬೆವರು ಹರಿದರೆ ಕೊಬ್ಬು ಕರಗಿತು ಅಂತ ತುಂಬಾ ಜನ ನಂಬಿದ್ದಾರೆ. ಅದಕ್ಕೇ ಬಿಸಿಲಲ್ಲಿ ಜಾಕೆಟ್ ಹಾಕಿಕೊಂಡು ಓಡುತ್ತಾರೆ, ಹೊಟ್ಟೆಗೆ ಬೆಲ್ಟ್ ಸುತ್ತಿಕೊಳ್ಳುತ್ತಾರೆ. ಬೆವರಿನಲ್ಲಿ ಹೋಗುವುದು ನೀರು ಮತ್ತು ಉಪ್ಪು. ಎರಡು ಲೋಟ ನೀರು ಕುಡಿದರೆ ಆ ತೂಕ ವಾಪಸ್ ಬರುತ್ತದೆ.

ಕೊಬ್ಬು ಬಹುಪಾಲು ಹೊರಗೆ ಹೋಗುವುದು ಉಸಿರಿನಲ್ಲಿ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಇದರ ಲೆಕ್ಕ ಕೊಟ್ಟರು. 10 ಕೆಜಿ ಕೊಬ್ಬು ಪೂರ್ತಿ ಉರಿದರೆ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಶ್ವಾಸಕೋಶದಿಂದ ಹೋಗುತ್ತದೆ, ಉಳಿದ 1.6 ಕೆಜಿ ನೀರಾಗುತ್ತದೆ. ಉಸಿರು ಏರುವಂತೆ ಮಾಡುವ ಕೆಲಸ ಏನಿದ್ದರೂ ಲೆಕ್ಕಕ್ಕೆ ಬರುತ್ತದೆ ಅಂತ ಇದರಿಂದ ತಿಳಿದುಕೊಳ್ಳಬಹುದು. ಸುಮ್ನೆ ಕೂತು ಜೋರಾಗಿ ಉಸಿರಾಡಿದರೆ ಏನೂ ಆಗುವುದಿಲ್ಲ. ಸ್ನಾಯು ಕೆಲಸ ಮಾಡಿ, ಕೊಬ್ಬು ಉರಿದಾಗ ಮಾತ್ರ ಆ ಇಂಗಾಲ ಹೊರಗೆ ಬರುವುದು.

ಇನ್ನೊಂದು ಮಾತು. ಹೊಟ್ಟೆಯ ಕೊಬ್ಬನ್ನಷ್ಟೇ ಕರಗಿಸುವ ವ್ಯಾಯಾಮ ಅಂತ ಯಾವುದೂ ಇಲ್ಲ. 1971ರಲ್ಲಿ ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದು ನೋಡಿದ್ದರು. ವರ್ಷಗಟ್ಟಲೆ ರಾಕೆಟ್ ಬೀಸಿದ ತೋಳಿನಲ್ಲಿ ಸ್ನಾಯು ದಪ್ಪಗಿತ್ತು. ಆದರೆ ಚರ್ಮದ ಕೆಳಗಿನ ಕೊಬ್ಬು ಎರಡೂ ತೋಳಿನಲ್ಲಿ ಒಂದೇ ಥರ ಇತ್ತು. ದಿನಕ್ಕೆ ನೂರು ಸಲ ಹೊಟ್ಟೆ ಮಡಚುವ ವ್ಯಾಯಾಮ ಮಾಡಿದರೂ ಕತೆ ಅಷ್ಟೇ. ಎಲ್ಲಿಂದ ಕೊಬ್ಬು ತೆಗೆಯಬೇಕು ಅನ್ನುವುದನ್ನು ದೇಹವೇ ತೀರ್ಮಾನ ಮಾಡುತ್ತದೆ.

ಹಂತ 1: ತಕ್ಕಡಿಗಿಂತ ಮೊದಲು ಟೇಪು

ದರ್ಜಿಗಳು ಬಳಸುವ ಟೇಪು ಒಂದು ತಗೊಳ್ಳಿ. ಬೆಳಿಗ್ಗೆ, ತಿಂಡಿಗೆ ಮೊದಲು, ಬಟ್ಟೆ ಸರಿಸಿ ನಿಂತುಕೊಳ್ಳಿ. ಪಕ್ಕೆಲುಬಿನ ಕೊನೆ ಎಲ್ಲಿದೆ ಅಂತ ಬೆರಳಲ್ಲಿ ಒತ್ತಿ ನೋಡಿ, ಸೊಂಟದ ಮೂಳೆಯ ಮೇಲಿನ ಅಂಚನ್ನೂ ಹುಡುಕಿ. ಎರಡರ ನಡುಮಧ್ಯೆ ಟೇಪು ಸುತ್ತಬೇಕು. ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು. ಉಸಿರು ಸಹಜವಾಗಿ ಬಿಟ್ಟು, ಆಗ ಓದಿ. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಎರಡು ಸಲ ಅಳೆದು ಕ್ಯಾಲೆಂಡರ್ ಮೇಲೆ ತಾರೀಖಿನ ಪಕ್ಕದಲ್ಲೇ ಬರೆಯಿರಿ.

ಭಾರತೀಯರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಹೊಟ್ಟೆಯ ಬೊಜ್ಜು ಅಂತ ಲೆಕ್ಕ. ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ) ಗಡಿಯೂ ನಮಗೆ ಕಡಿಮೆ: 23 ದಾಟಿದರೆ ಜಾಸ್ತಿ ತೂಕ, 25 ದಾಟಿದರೆ ಬೊಜ್ಜು. ನಾವು ನೋಡಲು ಸಣ್ಣಗಿದ್ದರೂ ಒಳಗೆ ಕೊಬ್ಬು ಜಾಸ್ತಿ ಇಟ್ಟುಕೊಂಡಿರುತ್ತೇವೆ, ಅದಕ್ಕೇ ಹೀಗೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಇದನ್ನು ಒಂದು ಫೋಟೋದಲ್ಲೇ ತೋರಿಸಿಕೊಟ್ಟರು. ಪಕ್ಕದಲ್ಲಿ ನಿಂತಿದ್ದ ಬ್ರಿಟಿಷ್ ಸ್ನೇಹಿತ ಯುಡ್ಕಿನ್ ಅವರದ್ದೂ ತಮ್ಮದೂ ಬಿಎಂಐ ಒಂದೇ, 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರದ್ದು ಶೇ. 21.2. "ನಾನೇನು ದಪ್ಪ ಇಲ್ಲವಲ್ಲ" ಅಂತ ಸುಮ್ಮನಿರುವವರು ಒಮ್ಮೆ ಟೇಪು ಹಿಡಿದು ನೋಡಲೇಬೇಕು.

ಹಂತ 2: ಯಾರು ಮೊದಲು ಡಾಕ್ಟರನ್ನು ಕೇಳಬೇಕು

ನಡೆಯುವಾಗ ಎದೆ ಹಿಡಿದಂತೆ ಆಗುವವರು, ತಲೆ ಸುತ್ತು ಬರುವವರು, ಹೃದಯದ ತೊಂದರೆ ಇರುವವರು, ಬಿಪಿ ಹತೋಟಿಗೆ ಬಾರದವರು, ಗರ್ಭಿಣಿಯರು ಕೇಳಿಯೇ ಶುರು ಮಾಡಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತಗೊಳ್ಳುವವರಿಗೆ ವ್ಯಾಯಾಮದ ನಡುವೆ ಸಕ್ಕರೆ ತೀರಾ ಇಳಿದುಬಿಡಬಹುದು. ಜೇಬಿನಲ್ಲಿ ಸಕ್ಕರೆ ಪೊಟ್ಟಣವೋ ಗ್ಲೂಕೋಸೋ ಇರಲಿ. ಕೈ ನಡುಗಿ, ಬೆವರು ತಣ್ಣಗೆ ಬಂದರೆ ನಿಂತು ಬಾಯಿಗೆ ಹಾಕಿಕೊಳ್ಳಿ. ಇವರು ಬರಿಗಾಲಲ್ಲಿ ನಡೆಯಲೂಬಾರದು. ಮನೆಗೆ ಬಂದಮೇಲೆ ಪಾದದ ಅಡಿ, ಬೆರಳ ಸಂದಿ ನೋಡಿಕೊಳ್ಳಬೇಕು.

ಹಂತ 3: ‘ಫ್ಯಾಟ್ ಬರ್ನ್’ ಬಟನ್‌ನ ಅರ್ಥ ತಿಳಿದುಕೊಳ್ಳಿ

ಜಿಮ್‌ನ ಟ್ರೆಡ್‌ಮಿಲ್ ಮೇಲೆ ಈ ಬಟನ್ ಇರುತ್ತದೆ. ಒತ್ತಿದರೆ ವೇಗ ಕಡಿಮೆಯಾಗುತ್ತದೆ. ನಿಧಾನಕ್ಕೆ ಹೋದರೆ ಕೊಬ್ಬು ಜಾಸ್ತಿ ಉರಿಯುತ್ತದೆ, ಜೋರಾಗಿ ಹೋದರೆ ಉರಿಯುವುದೇ ಇಲ್ಲ ಅಂತ ಜನ ಇದರಿಂದ ಅರ್ಥ ಮಾಡಿಕೊಂಡಿದ್ದಾರೆ. ಅರ್ಧ ಮಾತ್ರ ಸರಿ.

ಅಕ್ಕನ 70 ಕೆಜಿ ತೂಕದಲ್ಲೇ ಲೆಕ್ಕ ಹಾಕೋಣ. ಅರ್ಧ ಗಂಟೆ ಬಿರುಸಾಗಿ ನಡೆದರೆ ಸುಮಾರು 150 ಕ್ಯಾಲೊರಿ ಖರ್ಚು. ಅದರಲ್ಲಿ ಅರ್ಧ ಕೊಬ್ಬಿನಿಂದ ಬಂತು ಅಂದುಕೊಳ್ಳಿ, 75 ಆಯಿತು. ಅದೇ ಅರ್ಧ ಗಂಟೆ ಗಂಟೆಗೆ 8 ಕಿ.ಮೀ. ವೇಗದಲ್ಲಿ ಓಡಿದರೆ ಸುಮಾರು 290. ಇಲ್ಲಿ ಕೊಬ್ಬಿನ ಪಾಲು ಮೂರನೇ ಒಂದು ಭಾಗಕ್ಕೆ ಇಳಿಯಿತು ಅಂತಲೇ ಇಟ್ಟುಕೊಳ್ಳಿ. ಆದರೂ 97 ಆಯಿತಲ್ವಾ? ಪಾಲು ಕಡಿಮೆಯಾಯಿತು, ಮೊತ್ತ ಜಾಸ್ತಿಯಾಯಿತು. ತೀರಾ ಏದುಸಿರು ಬರುವಷ್ಟು ಜೋರಾದರೆ ಮಾತ್ರ ದೇಹ ಹೆಚ್ಚೂಕಡಿಮೆ ಪೂರ್ತಿ ಸಕ್ಕರೆ ಅಂಶಕ್ಕೇ ಕೈ ಹಾಕುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಉಳಿದ ಇಪ್ಪತ್ತಮೂರುವರೆ ಗಂಟೆ. ವ್ಯಾಯಾಮದಲ್ಲಿ ಸಕ್ಕರೆ ಅಂಶ ಖಾಲಿ ಮಾಡಿದರೆ, ಆಮೇಲೆ ಆರಾಮವಾಗಿ ಇರುವಾಗ ದೇಹ ಕೊಬ್ಬನ್ನು ಜಾಸ್ತಿ ಬಳಸುತ್ತದೆ. ದಿನದ ಕೊನೆಗೆ ಉಳಿಯುವ ಪ್ರಶ್ನೆ ಒಂದೇ: ಬಂದದ್ದೆಷ್ಟು, ಖರ್ಚಾದದ್ದೆಷ್ಟು? ಖಾಲಿ ಹೊಟ್ಟೆಯಲ್ಲಿ ನಡೆದರೆ ಬೇಗ ಕರಗುತ್ತೆ ಅನ್ನುವ ಮಾತಿಗೂ ಇದೇ ಉತ್ತರ. 2014ರಲ್ಲಿ 20 ಯುವತಿಯರ ಮೇಲೆ 4 ವಾರ ಇದನ್ನು ಪರೀಕ್ಷಿಸಿದ್ದರು. ಊಟದ ಅಳತೆ ಸಮ ಇಟ್ಟಾಗ ಖಾಲಿ ಹೊಟ್ಟೆಯವರಿಗೂ ತಿಂದವರಿಗೂ ವ್ಯತ್ಯಾಸ ಸಿಗಲಿಲ್ಲ. ನಿಮಗೆ ಖಾಲಿ ಹೊಟ್ಟೆ ಹಗುರ ಅನ್ನಿಸಿದರೆ ಹಾಗೇ ಹೋಗಿ. ತಲೆ ಸುತ್ತುವವರು ಒಂದು ಬಾಳೆಹಣ್ಣು ತಿಂದು ಹೋಗಿ.

ಹಂತ 4: ನಿಮ್ಮ ಬಿರುಸು ಎಷ್ಟು ಅಂತ ಕಂಡುಕೊಳ್ಳಿ

ಹಾಸನದ ಮಹಾರಾಜ ಪಾರ್ಕ್‌ನಲ್ಲಿ ಅಕ್ಕನ ಜೊತೆ ಒಂದು ಬೆಳಿಗ್ಗೆ ನಡೆದೆ. ಅವಳು ಮಗಳ ಕಾಲೇಜಿನ ವಿಷಯ ಶುರು ಮಾಡಿದವಳು ಎರಡು ಸುತ್ತು ಮುಗಿದರೂ ಎಲ್ಲೂ ಉಸಿರಿಗೆ ತಡೆಯಲಿಲ್ಲ. ಅದು ಆರಾಮದ ನಡಿಗೆ. ಮನಸ್ಸಿಗೆ ಒಳ್ಳೆಯದು, ಕೊಬ್ಬಿಗೆ ಸಾಲದು.

ಸುಲಭದ ಪರೀಕ್ಷೆ ಹೀಗಿದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇದು ಮಧ್ಯಮ ಬಿರುಸು. ನಾಲ್ಕೈದು ಪದಕ್ಕೇ ಉಸಿರು ಎಳೆದುಕೊಳ್ಳಬೇಕಾದರೆ ಅದು ಜೋರು. ಹೆಜ್ಜೆ ಎಣಿಸಿಯೂ ನೋಡಬಹುದು. 15 ಸೆಕೆಂಡಿಗೆ 25 ಹೆಜ್ಜೆ, ಅಂದರೆ ನಿಮಿಷಕ್ಕೆ 100 ಬಂದರೆ ಮಧ್ಯಮಕ್ಕೆ ಕಾಲಿಟ್ಟಿರಿ. ಹೆಜ್ಜೆ ಉದ್ದ ಮಾಡಲು ಹೋಗಬೇಡಿ, ಹೆಜ್ಜೆ ಬೇಗ ಬೇಗ ಬೀಳಲಿ. ಮೊಣಕೈ ಮಡಚಿ ಬೀಸಿದರೆ ಕಾಲು ತಾನಾಗಿ ಚುರುಕಾಗುತ್ತದೆ.

ನಾಡಿ ನೋಡುವವರಿಗೆ: 208ರಿಂದ ನಿಮ್ಮ ವಯಸ್ಸಿನ ಶೇ. 70 ಕಳೆಯಿರಿ. 48 ವರ್ಷಕ್ಕೆ 174 ಬರುತ್ತದೆ. ಅದರ ಶೇ. 64ರಿಂದ 76, ಅಂದರೆ 111ರಿಂದ 132 ಮಧ್ಯಮ. ಅದಕ್ಕಿಂತ ಮೇಲಿನದು ಜೋರು. ವಾಚ್ ಇಲ್ಲದಿದ್ದರೆ ನಿಂತ ತಕ್ಷಣ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಬಿಪಿಗೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಆ ಮಾತ್ರೆ ನಾಡಿಯನ್ನು ಏರಲು ಬಿಡುವುದಿಲ್ಲ. ಅವರು ಮಾತಿನ ಪರೀಕ್ಷೆಯನ್ನೇ ನಂಬಲಿ.

ಹಂತ 5: ಮಂಡಿ, ಜಾಗ, ಹೊತ್ತು ಮೂರನ್ನೂ ನೋಡಿ ಆರಿಸಿ

ಇದು ಇಡೀ ಮಾರ್ಗದರ್ಶಿಯ ಮುಖ್ಯ ಹಂತ. ಅವಸರ ಮಾಡಬೇಡಿ. ಕೆಳಗಿನ ಅಂಕಿ ಎಲ್ಲವೂ 70 ಕೆಜಿ ತೂಕದವರಿಗೆ, ಅರ್ಧ ಗಂಟೆಗೆ, ಅಂದಾಜಿನವು. ಸುಮ್ನೆ ಕೂತಿದ್ದರೂ ಖರ್ಚಾಗುತ್ತಿದ್ದ 35 ಕ್ಯಾಲೊರಿ ಇದರೊಳಗೇ ಸೇರಿದೆ. ಹೊಸದಾಗಿ ಖರ್ಚಾದದ್ದು ಎಷ್ಟು ಅಂತ ತಿಳಿಯಲು ಅಷ್ಟನ್ನು ಕಳೆದುಕೊಳ್ಳಿ.

ಬಿರುಸಿನ ನಡಿಗೆ, 150. ಹೊಸಬರಿಗೆ, 50 ದಾಟಿದವರಿಗೆ, ತೂಕ ತುಂಬಾ ಜಾಸ್ತಿ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಖರ್ಚು ಒಂದು ಜೊತೆ ಶೂ ಮಾತ್ರ. ಶೂ ಕೊಳ್ಳುವಾಗ ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರಬೇಕು. ನಡಿಗೆಯ ಕೊರತೆ ಅಂದರೆ ದೇಹ ಬೇಗ ಒಗ್ಗಿಕೊಳ್ಳುತ್ತದೆ. ಎರಡು ತಿಂಗಳಾದ ಮೇಲೆ ಅದೇ ದಾರಿ ಸಪ್ಪೆಯಾಗುತ್ತದೆ. ಆಗ ಏರುದಾರಿ ಹಿಡಿಯಿರಿ. ಮಲೆನಾಡು, ಕೊಡಗಿನವರಿಗೆ ಮನೆ ಬಾಗಿಲಲ್ಲೇ ಏರು ಇದೆ. ಬಯಲುಸೀಮೆಯವರು ಮೇಲ್ಸೇತುವೆ, ಕೆರೆ ಏರಿ ಹುಡುಕಿಕೊಳ್ಳಬಹುದು.

ಓಟ, 290. ಹೊತ್ತು ಕಡಿಮೆ ಇರುವವರಿಗೆ ಇದರಷ್ಟು ಲಾಭ ಬೇರೆ ಕಡೆ ಸಿಗುವುದು ಕಷ್ಟ. ಆದರೆ ಪ್ರತಿ ಹೆಜ್ಜೆಗೂ ನಿಮ್ಮ ತೂಕದ ಎರಡರಿಂದ ಮೂರು ಪಟ್ಟು ಭಾರ ನೆಲಕ್ಕೆ ಬೀಳುತ್ತದೆ. 70 ಕೆಜಿಯವರಿಗೆ 140ರಿಂದ 210 ಕೆಜಿ. ಹೃದಯ, ಉಸಿರು ಮೂರ್ನಾಲ್ಕು ವಾರದಲ್ಲಿ ಹೊಂದಿಕೊಳ್ಳುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ನಾರುಗಳಿಗೆ ತಿಂಗಳುಗಳೇ ಬೇಕು. ಅಕ್ಕ ಎಡವಿದ್ದು ಇಲ್ಲೇ. ಉಸಿರು ಸುಲಭವಾಯಿತು ಅಂತ ನಾಲ್ಕನೇ ದಿನವೇ ದೂರ ಜಾಸ್ತಿ ಮಾಡಿದ್ದಳು. ಓಡಬೇಕು ಅನ್ನುವವರು ಮೊದಲು ಒಂದು ತಿಂಗಳು ನಡೆಯಿರಿ. ಆಮೇಲೆ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಎಂಟು ಸಲ, ದಿನ ಬಿಟ್ಟು ದಿನ ಮಾಡಿ. ಸಾಧ್ಯವಾದಷ್ಟೂ ಮಣ್ಣಿನ ನೆಲ ಹುಡುಕಿ. ಮೀನಖಂಡದ ಮುಂದಿನ ಮೂಳೆಯ ಮೇಲೆ ಬೆರಳಿಟ್ಟರೆ ಚುಳ್ ಅನ್ನುತ್ತಿದ್ದರೆ ಒಂದು ವಾರ ಓಟ ನಿಲ್ಲಿಸಿ. ಆಮೇಲೂ ಹಾಗೇ ಇದ್ದರೆ ಡಾಕ್ಟರಿಗೆ ತೋರಿಸಿ.

ಸೈಕಲ್, ಗಂಟೆಗೆ 16ರಿಂದ 19 ಕಿ.ಮೀ. ವೇಗದಲ್ಲಿ 240ರ ಹತ್ತಿರ. ಮನೆಯೊಳಗಿನ ನಿಂತ ಸೈಕಲ್ ಹಗುರವಾಗಿ ತುಳಿದರೆ 170. ದೇಹದ ಭಾರ ಸೀಟಿನ ಮೇಲೆ ಇರುವುದರಿಂದ ಮಂಡಿಗೆ ಪೆಟ್ಟಿಲ್ಲ. ಆದರೆ ಸೀಟು ತಗ್ಗಿದ್ದರೆ ಮಂಡಿಗೆ ನೋವು ತಂದಿಡುವುದೂ ಇದೇ ಸೈಕಲ್. ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು. ಆಮೇಲೆ ಮುಂಗಾಲಿಟ್ಟು ತುಳಿದಾಗ ಮಂಡಿ ಸ್ವಲ್ಪವೇ ಮಡಚಿರುತ್ತದೆ. ಅದು ಸರಿಯಾದ ಎತ್ತರ. ಅಕ್ಕನಿಗೆ ನಾವು ಆರಿಸಿದ್ದು ಇದನ್ನೇ. ಪರಿಚಯದವರ ಮನೆಯಲ್ಲಿ ಬಟ್ಟೆ ಒಣಹಾಕಲು ಬಳಸುತ್ತಿದ್ದ ನಿಂತ ಸೈಕಲ್ ಒಂದು ಕಡಿಮೆ ದುಡ್ಡಿಗೆ ಸಿಕ್ಕಿತು. ಟಿವಿ ಎದುರಿಗೆ ಇಟ್ಟಳು.

ಮೆಟ್ಟಿಲು. ನಿಧಾನಕ್ಕೆ ಹತ್ತಿದರೂ 140, ಬೇಗ ಹತ್ತಿದರೆ ಅದರ ಎರಡು ಪಟ್ಟಿಗೂ ಜಾಸ್ತಿ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರಿಗೆ ಮಳೆ, ಕತ್ತಲೆ, ಬೀದಿನಾಯಿ ಯಾವುದರ ಕಾಟವೂ ಇಲ್ಲ. ಮೈಸೂರಿನವರಿಗಂತೂ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದೆ. ಹತ್ತುವಾಗಷ್ಟೇ ಅಲ್ಲ, ಇಳಿಯುವಾಗಲೂ ಮಂಡಿ ನೋಯಬಹುದು. ಹತ್ತಿ ಹೋಗಿ, ಇಳಿಯಲು ಲಿಫ್ಟು ಹಿಡಿಯಿರಿ. ಬೆಟ್ಟದಿಂದಾದರೆ ಬಸ್ಸಿನಲ್ಲಿ ಬನ್ನಿ. ಅದರಲ್ಲಿ ನಾಚಿಕೆ ಪಡುವುದು ಏನೂ ಇಲ್ಲ.

ಸ್ಕಿಪ್ಪಿಂಗ್. ಅಂಕಿಯ ಪ್ರಕಾರ ಅರ್ಧ ಗಂಟೆಗೆ 400 ದಾಟುತ್ತದೆ. ಆದರೆ ಅರ್ಧ ಗಂಟೆ ಬಿಡದೆ ಹಾರುವವರು ಎಷ್ಟು ಜನ? 30 ಸೆಕೆಂಡು ಹಾರಿ 30 ಸೆಕೆಂಡು ನಿಲ್ಲುವುದು, ಹತ್ತು ಸಲ. ಅಲ್ಲಿಂದ ಶುರು ಮಾಡಿ. ಹಗ್ಗದ ನಡುವೆ ಕಾಲಿಟ್ಟು ನಿಂತರೆ ಎರಡೂ ಹಿಡಿ ಕಂಕುಳವರೆಗೆ ಬರಬೇಕು. ನೆಲದಿಂದ ಒಂದು ಅಂಗುಲ ಎದ್ದರೆ ಸಾಕು. ಮಂಡಿನೋವು ಇರುವವರು, ಹೆರಿಗೆಯಾಗಿ ಸ್ವಲ್ಪ ಸಮಯವಷ್ಟೇ ಆದವರು ಇದರ ತಂಟೆಗೆ ಹೋಗಬೇಡಿ.

ಈಜು, ಮಧ್ಯಮ ವೇಗದಲ್ಲಿ 200. ಈಜು ಬರುವವರಿಗೆ, ಕೊಳ ಹತ್ತಿರ ಇರುವವರಿಗೆ ತುಂಬಾ ಒಳ್ಳೆಯದು. ಹೊರಗೆ ಬಂದ ಮೇಲೆ ಹಸಿವು ಜೋರಾಗಿರುತ್ತದೆ, ಅದೊಂದು ಗಮನದಲ್ಲಿರಲಿ.

ಈಗ ಜಾಗ ಮತ್ತು ಕಾಲದ ವಿಷಯ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ವ್ಯಾಯಾಮವನ್ನೇ ನಂಬಿಕೊಂಡವರ ಲೆಕ್ಕ ತಪ್ಪುತ್ತದೆ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಏಳು ದಾಟಿದರೆ ಬಿಸಿಲು ಸುಡುತ್ತದೆ. ಬೆಂಗಳೂರಿನ ದೊಡ್ಡ ರಸ್ತೆಯ ಪಕ್ಕ ಹೊಗೆ. ಕತ್ತಲಲ್ಲಿ ಒಬ್ಬರೇ ಹೋಗಲು ಎಷ್ಟೋ ಹೆಂಗಸರಿಗೆ ಧೈರ್ಯ ಬರುವುದಿಲ್ಲ, ಅದು ಅವರ ತಪ್ಪಲ್ಲ. ಹಾಗಾಗಿ ಯಾವಾಗಲೂ ಎರಡು ಆರಿಸಿಕೊಳ್ಳಿ: ಹೊರಗೆ ಮಾಡುವಂಥದ್ದು ಒಂದು, ನಾಲ್ಕು ಗೋಡೆಯೊಳಗೆ ಮಾಡುವಂಥದ್ದು ಒಂದು. ಅಕ್ಕನಿಗೆ ಪಾರ್ಕಿನ ಸಮತಟ್ಟಾದ ದಾರಿ ಮತ್ತು ನಿಂತ ಸೈಕಲ್. ಮಳೆ ಬಂತು ಅನ್ನುವ ನೆಪವೇ ಉಳಿಯಲಿಲ್ಲ.

ಹಂತ 6: ವಾರದ ಲೆಕ್ಕ ಹಾಕಿ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಹೀಗಿದೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸು, ಇಲ್ಲವೇ 75ರಿಂದ 150 ನಿಮಿಷ ಜೋರು. 150 ಅನ್ನುವುದು ಆರೋಗ್ಯಕ್ಕೆ. ಕೊಬ್ಬು ಕರಗಿಸಬೇಕಾದರೆ 250ರ ಹತ್ತಿರ ಹೋಗಬೇಕು ಅನ್ನುವುದು ನನ್ನ ಅನುಭವ. ಒಂದೇ ಸಲ ಅಲ್ಲಿಗೆ ಹಾರಬಾರದು.

ಮೊದಲ ಎರಡು ವಾರ 20 ನಿಮಿಷ, ವಾರಕ್ಕೆ 5 ದಿನ.
ಮೂರು ಮತ್ತು ನಾಲ್ಕನೇ ವಾರ 30 ನಿಮಿಷ, 5 ದಿನ.
ಐದರಿಂದ ಎಂಟನೇ ವಾರದವರೆಗೆ 40ರಿಂದ 45 ನಿಮಿಷ, 5 ಅಥವಾ 6 ದಿನ.
ಆಮೇಲೆ ಹೊತ್ತು ಅಷ್ಟೇ ಇರಲಿ. ವಾರದಲ್ಲಿ ಒಂದು ಅಥವಾ ಎರಡು ದಿನ ಏರುದಾರಿ, ಮೆಟ್ಟಿಲು ಅಥವಾ ಜೋರಿನ ತುಂಡುಗಳು (ಮುಂದಿನ ಹಂತದಲ್ಲಿ ಹೇಳುತ್ತೇನೆ) ಸೇರಲಿ.

ಒಂದೇ ಸಲ 45 ನಿಮಿಷ ಸಿಗದಿದ್ದರೆ ಬೆಳಿಗ್ಗೆ 25, ಸಂಜೆ 20 ಮಾಡಿ. ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಶುರುವಿನ 5 ನಿಮಿಷ, ಕೊನೆಯ 5 ನಿಮಿಷ ನಿಧಾನ.

ಹಂತ 7: ಜೋರಿನ ತುಂಡುಗಳು ಯಾರಿಗೆ?

ಹೆಚ್‌ಐಐಟಿ, ಟಬಾಟಾ ಅನ್ನುವ ಹೆಸರು ಕೇಳಿರುತ್ತೀರಿ. ಸ್ವಲ್ಪ ಹೊತ್ತು ತುಂಬಾ ಜೋರು, ಸ್ವಲ್ಪ ಹೊತ್ತು ಬಿಡುವು, ಹೀಗೆ ಸರದಿಯಲ್ಲಿ ಮಾಡುವುದು ಮೊದಲನೆಯದು. ಟಬಾಟಾ ಅದರಲ್ಲೇ ಒಂದು ಬಗೆ. ಜಪಾನಿನ ಇಜುಮಿ ಟಬಾಟಾ 1996ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದ ಹೆಸರು. 20 ಸೆಕೆಂಡು ಮೈಯಲ್ಲಿರುವ ಶಕ್ತಿಯೆಲ್ಲ ಹಾಕಿ ತುಳಿಯುವುದು, 10 ಸೆಕೆಂಡು ಬಿಡುವು, ಏಳೆಂಟು ಸಲ. ಅದನ್ನು ಮಾಡಿದವರು ಕ್ರೀಡೆಯಲ್ಲಿ ಪಳಗಿದ ಯುವಕರು, ಮಾಡಿದ್ದು ಪ್ರಯೋಗಾಲಯದ ಸೈಕಲ್ ಮೇಲೆ. ‘4 ನಿಮಿಷದಲ್ಲಿ ಕೊಬ್ಬು ಮಾಯ’ ಅನ್ನುವ ವಿಡಿಯೋಗಳು ಈ ಮಾತನ್ನು ಹೇಳುವುದಿಲ್ಲ. ವ್ಯಾಯಾಮ ನಿಲ್ಲಿಸಿದ ಮೇಲೂ ದಿನವಿಡೀ ಕೊಬ್ಬು ಉರಿಯುತ್ತಲೇ ಇರುತ್ತದೆ ಅನ್ನುವುದೂ ಉಬ್ಬಿಸಿದ ಮಾತು. ಉರಿಯುವುದು ನಿಜ, ಆದರೆ ವ್ಯಾಯಾಮದಲ್ಲಿ ಖರ್ಚಾದದ್ದರ ಒಂದು ಸಣ್ಣ ಪಾಲು ಮಾತ್ರ.

ಜೋರಿನ ತುಂಡುಗಳನ್ನೂ ಬಿಡದೆ ಮಾಡುವ ಮಧ್ಯಮ ಬಿರುಸನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಕೊಬ್ಬು ಕರಗಿದ್ದು ಎರಡರಲ್ಲೂ ಹೆಚ್ಚುಕಡಿಮೆ ಸಮ. ಜೋರಿನ ತುಂಡುಗಳ ಲಾಭ ಇರುವುದು ಹೊತ್ತಿನ ಉಳಿತಾಯದಲ್ಲಿ. ಎಂಟು ವಾರ ಮಧ್ಯಮ ಬಿರುಸು ಮಾಡಿದ ಮೇಲೆ, ಹೃದಯದ ತೊಂದರೆ ಇಲ್ಲದವರು, 1 ನಿಮಿಷ ಜೋರು, 2 ನಿಮಿಷ ನಿಧಾನ, ಆರು ಸಲ ಮಾಡಬಹುದು. ವಾರಕ್ಕೆ ಎರಡೇ ದಿನ, ನಡುವೆ ಎರಡು ದಿನ ಬಿಡುವು.

ಹಂತ 8: ಕಾಫಿ ಲೋಟವನ್ನೂ ಲೆಕ್ಕಕ್ಕೆ ತನ್ನಿ

ಅಕ್ಕ ದಿನಕ್ಕೆ ಮೂರು ಕಾಫಿ ಕುಡಿಯುತ್ತಿದ್ದಳು, ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಆರು ಚಮಚವನ್ನು ಅಡುಗೆಮನೆಯ ತಕ್ಕಡಿ ಮೇಲೆ ಸುರಿದು ತೋರಿಸಿದೆ, 30 ಗ್ರಾಂ ಬಂತು. ಗ್ರಾಂಗೆ 4 ಕ್ಯಾಲೊರಿ, ಒಟ್ಟು 120. ಅರ್ಧ ಗಂಟೆ ಬಿರುಸು ನಡೆದು ಹೊಸದಾಗಿ ಖರ್ಚು ಮಾಡಿದ್ದು 115. ಆ ಸಣ್ಣ ಸಕ್ಕರೆ ಗುಡ್ಡೆಯನ್ನು ಅವಳು ಸುಮಾರು ಹೊತ್ತು ನೋಡುತ್ತಾ ನಿಂತಳು. "ಇಷ್ಟಕ್ಕೋಸ್ಕರ ಅಷ್ಟು ನಡೀಬೇಕಾ?" ಅಂದಳು.

ಮುಂದಿನ ಲೆಕ್ಕ ಸುಲಭ. ಒಂದು ಕೆಜಿ ದೇಹದ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. 45 ನಿಮಿಷದ ನಡಿಗೆ ವಾರಕ್ಕೆ 6 ದಿನ ಅಂದರೆ ಸುಮಾರು 1000. ಅದೊಂದರಿಂದಲೇ ಒಂದು ಕೆಜಿ ಇಳಿಯಲು ಏಳೆಂಟು ವಾರ ಬೇಕು. ಕಾಫಿಯ ಸಕ್ಕರೆ ಬಿಟ್ಟರೆ ವಾರಕ್ಕೆ ಇನ್ನೂ 840 ಸೇರಿತು. ಈಗ ನಾಲ್ಕು ವಾರಕ್ಕೆ ಒಂದು ಕೆಜಿ. ದೇಹ ಇಷ್ಟು ಕರಾರುವಾಕ್ಕಾಗಿ ನಡೆದುಕೊಳ್ಳುವುದಿಲ್ಲ, ಆದರೆ ದಿಕ್ಕು ಇದೇ. ಉಪವಾಸ ಬೀಳಬೇಕಿಲ್ಲ. ಸಂಜೆಯ ಬೋಂಡಾ, ರಾತ್ರಿ ಎರಡನೇ ಸಲ ಬಡಿಸಿಕೊಳ್ಳುವ ಅನ್ನ, ಜ್ಯೂಸು, ಇಂಥ ಯಾವುದಾದರೂ ಒಂದನ್ನು ಹಿಡಿಯಿರಿ. ವಾಕಿಂಗ್ ಮುಗಿಸಿ ಗುಂಪಾಗಿ ಹೋಟೆಲಿಗೆ ನುಗ್ಗುವ ಅಭ್ಯಾಸ ಇದ್ದರೆ, ಅದನ್ನು ವಾರಕ್ಕೆ ಒಂದು ದಿನ ಮಾಡಿಕೊಳ್ಳಿ.

ಹಂತ 9: ವಾರಕ್ಕೆ ಎರಡು ದಿನ ಬಲದ ವ್ಯಾಯಾಮ

ಬರೀ ಕಾರ್ಡಿಯೋ ಮಾಡಿ ಊಟ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 10 ಸಲ, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು 10 ಸಲ, ನೀರು ತುಂಬಿದ ಬಾಟಲಿ ತಲೆ ಮೇಲೆ ಎತ್ತುವುದು 10 ಸಲ. ಮೂರು ಸುತ್ತು ಮಾಡಿ. ತೊಡೆ ಗಟ್ಟಿಯಾದರೆ ಮಂಡಿಯ ಭಾರವೂ ಇಳಿಯುತ್ತದೆ. ಊಟದಲ್ಲಿ ಹೆಸರುಕಾಳು, ಹುರುಳಿ, ಮೊಸರು, ಮೊಟ್ಟೆ, ಮೀನು, ನಿಮ್ಮ ಮನೆಯಲ್ಲಿ ನಡೆಯುವುದು ಯಾವುದೋ ಅದು ದಿನಾ ಇರಲಿ.

ಹಂತ 10: ಇಳಿಯುವುದು ನಿಂತಾಗ

ವಾರಕ್ಕೊಮ್ಮೆ ತೂಕ, ಎರಡು ವಾರಕ್ಕೊಮ್ಮೆ ಟೇಪು. ಅದಕ್ಕಿಂತ ಜಾಸ್ತಿ ನೋಡಿದರೆ ತಲೆ ಕೆಡುತ್ತದೆ. ಉಪ್ಪು, ಮುಟ್ಟು, ಹಿಂದಿನ ರಾತ್ರಿಯ ಊಟ, ಇವೆಲ್ಲ ಒಂದೆರಡು ಕೆಜಿ ಹಿಂದೆಮುಂದೆ ಮಾಡುತ್ತವೆ.

ನಾಲ್ಕು ವಾರ ಟೇಪು ಅಲ್ಲಾಡಲಿಲ್ಲ ಅಂದರೆ ಮೂರು ವಿಷಯ ನೋಡಿ. ಒಂದು, ಬೆಳಿಗ್ಗೆ ನಡೆದೆ ಅಂತ ಉಳಿದ ದಿನವೆಲ್ಲ ಕೂತೇ ಕಳೆಯುತ್ತಿದ್ದೀರಾ? ಇದು ನಮಗೆ ಗೊತ್ತಾಗದ ಹಾಗೆ ಆಗುತ್ತದೆ. ಗಂಟೆಗೊಮ್ಮೆ ಎದ್ದು ಓಡಾಡಿ. ಎರಡು, ತಟ್ಟೆಯಲ್ಲಿ ಮೆಲ್ಲಗೆ ಜಾಸ್ತಿಯಾಗಿದೆಯಾ? ಮೂರು, ನೀವು ಹಗುರಾಗಿದ್ದೀರಿ. 80 ಕೆಜಿ ಇದ್ದಾಗ 45 ನಿಮಿಷದ ನಡಿಗೆಗೆ 258 ಕ್ಯಾಲೊರಿ ಖರ್ಚಾಗುತ್ತಿತ್ತು, 72ಕ್ಕೆ ಇಳಿದಾಗ ಅದೇ ನಡಿಗೆಗೆ 232. ಆಗ ವೇಗವನ್ನೋ ಏರನ್ನೋ ಸ್ವಲ್ಪ ಏರಿಸಬೇಕು. ಎರಡನ್ನೂ ಒಟ್ಟಿಗೆ ಏರಿಸಬೇಡಿ.

ಅಕ್ಕನಿಗೂ ಮೂರನೇ ತಿಂಗಳಲ್ಲಿ ಹೀಗೇ ನಿಂತಿತ್ತು. ಸೈಕಲ್ಲಿನ ಬಿಗಿ ಒಂದು ಸುತ್ತು ಜಾಸ್ತಿ ಮಾಡಿದೆವು, ಅಷ್ಟೇ. ತಕ್ಕಡಿ ಮುಂದಿನ ಎರಡು ವಾರವೂ ಜಗ್ಗಲಿಲ್ಲ. ಆದರೆ ಒಂದು ಮದುವೆಗೆ ಹೊರಟ ಬೆಳಿಗ್ಗೆ ಫೋನ್ ಬಂತು. "ರೇಷ್ಮೆ ಬ್ಲೌಸು ಎಲ್ಲಾ ಲೂಸಾಗಿದೆ ಕಣೋ, ಪಿನ್ ಹಾಕ್ಕೊಂಡು ನಿಂತಿದೀನಿ." ಟೇಪು ಹಿಡಿದು ನೋಡು ಅಂದೆ. ಒಂದು ನಿಮಿಷ ಫೋನ್ ಕೆಳಗಿಟ್ಟು ಬಂದು, ಶುರು ಮಾಡಿದ್ದಕ್ಕಿಂತ 5 ಸೆಂ.ಮೀ. ಕಡಿಮೆ ಅಂದಳು.